ಕಾರಿನ ಬೆನ್ನಿಗೊಂದು ಕಣ್ಣು

ಬೇರೆಯವರ ಮನೆಗೆ ಹೊಸ ಸಾಮಾನು ಬಂದರೆ ಅನುಕೂಲ ಬರುತ್ತೆ, ನಮ್ಮನೆಗೆ ಬಂದರೆ ಕರ್ಮ ಬರುತ್ತೆ. ಲಗ್ನವಾದಾಗಿಂದ ನೋಡ್ತಾನೇ ಇದೀನಿ. ಈ ಸಲ ಬಂದಿದ್ದು ಕಾರಿನ ಕ್ಯಾಮೆರಾ. ಮುಂದೊಂದು, ಹಿಂದೊಂದು, ನೋಡೋಕೆ ಸ್ಟೀರಿಂಗ್ ಹತ್ತಿರ ಪುಟ್ಟ ಟೀವಿ.

ತಂದಿದ್ದು ಹೆದರಿ. ನಮ್ಮ ಮನೆಯವರು ರೈಲ್ವೇಲಿ ರಿಟೈರಾದವರು. ಕಾರು ಹಿಂದಕ್ಕೆ ತೆಗೆದಾಗಲೆಲ್ಲ ಏನಕ್ಕಾದರೂ ತಾಗಿಸ್ತಾರೆ. ಇದೇ ಮದ್ರಾಸಿನ ವೇಲಚೇರೀಲಿರೋ ಮಗಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಅಪ್ಪಾ, ಈ ಕಾರಿಗೆ ಇನ್ನೊಂದು ಗೀರು ಬಿದ್ದರೆ ಕೀ ನನ್ನ ಕೈಗೆ." ಕೀ ಹೋದರೆ ಇವರು ಇಡೀ ದಿನ ಮನೇಲೇ ಕೂರ್ತಾರೆ. ನನ್ನ ಗತಿ ಯೋಚಿಸಿ!

೧. ರಾಹುಕಾಲ

ಪುರಸೈವಾಕ್ಕಂ ಅಂಗಡಿಯಿಂದ ಬಂದ ಫಿಟ್ಟರ್ ಹಿಂದಿನ ಗಾಜಿಗೆ ಕ್ಯಾಮೆರಾ ಅಂಟಿಸ್ತಿದ್ದ. ಇವರು ಗಡಿಯಾರ ನೋಡ್ತಾ, "ಸೀಕ್ರಂ ಪಾ, ಬೇಗ ಬೇಗ, ರಾಹುಕಾಲ ಬಂತು" ಅಂತ ಅವನ ಪ್ರಾಣ ತಿಂದರು. ಅವನು ಅಂಟಿಸಿ ಓಡಿದ. ಇವರು ಅದಕ್ಕೆ ಗಂಧ, ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಆಮೇಲೆ ಟೀವಿ ಹಾಕಿದರು. ಆಕಾಶ ಕೆಳಗೆ! ಬೀದಿ ಹಸು ಬಾವಲಿ ಹಾಗೆ ನೇತಾಡ್ತಿತ್ತು.

ಫೋನ್ ಮಾಡಿದರೆ ಫಿಟ್ಟರ್, "ಅವಸರದಲ್ಲಿ ತಲೆಕೆಳಗೆ ಅಂಟಿಸಿದೆ ಸಾರ್. ಬಂದು ಕಿತ್ತು ತಿರುಗಿಸ್ತೀನಿ" ಅಂದ.

"ಪೂಜೆ ಆದದ್ದನ್ನ ಕೀಳೋದಾ? ಶಾಂತಂ ಪಾಪಂ!" ಅಂದರು ಇವರು.

ಅಂದರೆ ಕ್ಯಾಮೆರಾ ಸರಿಯಾಗೇ ಇದೆ, ಮದ್ರಾಸೇ ತಲೆ ಕೆಳಗೆ ಮಾಡಿ ನಿಂತುಕೊಳ್ಳಬೇಕು.

೨. ಮಲ್ಲಿಗೆ ದಂಡೆ

ಕಂಡಿದ್ದೆಲ್ಲ ಅದು ರೆಕಾರ್ಡ್ ಮಾಡುತ್ತೆ ಅಂತ ತಿಳಿದ ಮೇಲೆ ನನಗೆ ಸ್ವಲ್ಪ ಜೀವ ಬಂತು. ಒಂದು ಸಂಜೆ ರೆಕಾರ್ಡ್ ಹಾಕಿ ನೋಡ್ತೀನಿ, ನಮ್ಮ ಕಾರಿನ ಹಿಂದೆ ಒಬ್ಬ ಗಂಡಸು ಆ ಕಡೆ ಈ ಕಡೆ ನೋಡಿ ಒಬ್ಬಳಿಗೆ ಮಲ್ಲಿಗೆ ಮುಡಿಸ್ತಿದಾನೆ! ತಲೆಕೆಳಗಾಗಿದ್ದರೂ ಆ ಬೊಕ್ಕತಲೆ ಬಿಡ್ತೀನಾ? ಫ್ಲಾಟಿನ ಅಸೋಸಿಯೇಷನ್ ಸೆಕ್ರೆಟರಿ. ಅವಳ್ಯಾರು?

ಎದುರುಮನೆ ಮಾಮಿಯನ್ನ ಕೂಗಿದೆ. ಇಬ್ಬರೂ ಮುಂದಿನ ಸೀಟಲ್ಲಿ ಕತ್ತು ಸೊಟ್ಟ ಮಾಡಿಕೊಂಡು ಕೂತೆವು.

"ಯಾರು ಮಾಮಿ ಈ ಮಾಯಾಂಗನೆ?"

"ಇರುಂಗೋ, ಸ್ವಲ್ಪ ತಾಳಿ, ಈ ಕಡೆ ತಿರುಗಲಿ."

ತಿರುಗಿದಳು. ಅವನ ಸ್ವಂತ ಹೆಂಡತಿ! ಮಾಮಿ ಮುಖ ಸಿಂಡರಿಸಿ ಎದ್ದುಹೋದರು. ನನಗೆ ಕತ್ತು ಉಳುಕಿತು. ಕಟ್ಟಿಕೊಂಡವಳಿಗೇ ಕದ್ದು ಹೂವು ಮುಡಿಸೋದಾ? ಶುದ್ಧ ಮೋಸ.

೩. ಅಕ್ಷರವೋ, ತುಳಸಿಯೋ

ಕೀಳೋ ಹಾಗಿಲ್ಲ ಅಂದಮೇಲೆ ಫಿಟ್ಟರ್ ಫೋನಲ್ಲೇ ಸೆಟ್ಟಿಂಗ್ ಹೇಳಿಕೊಟ್ಟ. ಇವರು ಒತ್ತಿ ಒತ್ತಿ ಚಿತ್ರ ನೆಟ್ಟಗೆ ನಿಂತಿತು. ಹಿಂದಿನ ಬೈಕಿನ ನಂಬರೂ ಓದಬಹುದು. "ನೋಡೇ!" ಅಂತ ಮೆರೆದು, ಟೀವಿ ನೋಡಿಕೊಂಡೇ ರಿವರ್ಸ್ ತೆಗೆದರು. ಟೀವಿಯಲ್ಲಿ ಸೆಕ್ರೆಟರಿ ಹೆಂಡತಿಯ ತುಳಸಿ ಕುಂಡ ಬಲಕ್ಕಿತ್ತು. ಇವರು ಎಡಕ್ಕೆ ಹೋದರು. ನಿಜವಾದ ಕುಂಡ ಎಡಕ್ಕೇ ಇತ್ತು. ಢಬ್! ಪುಣ್ಯಕ್ಕೆ ಬಂಪರಿಗೆ ಬರೀ ಮಣ್ಣು. ಒರೆಸಿದೆವು. ಗೀರಿಲ್ಲ, ಕೀ ಉಳಿಯಿತು.

"ಕನ್ನಡಿ ಥರ ಮಾಡಿಕೊಳ್ಳಿ ಸಾರ್, ಎಡ ಎಡಕ್ಕೇ ಕಾಣುತ್ತೆ. ಆದರೆ ನಂಬರಿನ ಅಕ್ಷರ ಉಲ್ಟಾ" ಅಂದ ಫಿಟ್ಟರ್.

"ನಂಬರ್ ಓದೋಕಾಗದಿದ್ದರೆ ಗುದ್ದಿ ಓಡೋರನ್ನ ಹಿಡಿಯೋದು ಹೇಗೆ?" ಅಂದರು ಇವರು.

"ರೀ, ಈ ಬೀದೀಲಿ ಗುದ್ದೋರು ನೀವೊಬ್ಬರೇ."

ನನ್ನನ್ನ ದುರುಗುಟ್ಟಿ ನೋಡಿ ಫೋನ್ ಇಟ್ಟರು. ಅಕ್ಷರ ನೆಟ್ಟಗೇ ಉಳಿಯಿತು. ರಿವರ್ಸ್ ತೆಗೆಯೋವಾಗ ಟೀವಿ ಕಡೆ ನೋಡದೆ, ಕತ್ತು ತಿರುಗಿಸಿ ನೋಡೋದು ರೂಢಿ ಮಾಡಿಕೊಂಡರು. ಅಂದರೆ ಕ್ಯಾಮೆರಾ ಬರೋ ಮುಂಚಿನ ಹಾಗೇ.

೪. ತಪಾಸಣೆ

ಭಾನುವಾರ ಮಗಳು ತನ್ನ ಕಾರಲ್ಲಿ ಬಂದಿಳಿದಳು. ನಮ್ಮ ಕಾರಿನ ಸುತ್ತ ಬೆರಳಾಡಿಸಿ ಗೀರು ಹುಡುಕಿದಳು. ಸಿಗಲಿಲ್ಲ.

"ಸರಿ, ರಿವರ್ಸ್ ಮಾಡಿ ತೋರಿಸಿ."

ಇವರು ಹತ್ತಿ ಕತ್ತು ತಿರುಗಿಸಿದರು. ಅವಳಿಗೆ ರೇಗಿತು. "ಎನ್ನಪ್ಪಾ ಇದು! ಕ್ಯಾಮೆರಾ ಇರೋವಾಗ ಕತ್ತು ಯಾಕೆ? ಇಳೀರಿ, ನಾನು ತೋರಿಸ್ತೀನಿ."

"ಇದು ನಿನ್ನ ಕಾರಿನ ಥರ ಅಲ್ಲಮ್ಮ..."

"ಎಲ್ಲಾ ಒಂದೇ ಅಪ್ಪಾ!"

ಟೀವಿಯಲ್ಲಿ ಗೇಟಿನ ಕಂಬ ಬಲಕ್ಕಿತ್ತು. ಎಡಕ್ಕೆ ಒತ್ತಿದಳು. ಕರ್ರ್! ಬಾಗಿಲಿಂದ ಬಂಪರ್‌ವರೆಗೆ, ಕೋಯಂಬೇಡು ಮಾರ್ಕೆಟ್ಟಿನ ಬಾಳೆಎಲೆ ಸೀಳಿದ ಹಾಗೆ ಒಂದೇ ಗೀರು.

ಮಗಳು ಬಿಳಚಿಕೊಂಡು ಇಳಿದಳು. ಇವರು ಗೀರನ್ನ ಮಗುವಿನ ಬೆನ್ನು ಸವರಿದ ಹಾಗೆ ಸವರಿ, ಅಂಗೈ ಚಾಚಿದರು.

"ಗೀರು ಹಾಕಿದವರ ಕೀ ಕಿತ್ಕೊಳ್ಳೋದು ತಾನೇ ನಿನ್ನ ಕಾನೂನು? ಕೊಡಮ್ಮ."

ತೆಪ್ಪಗೆ ನಮ್ಮ ಕಾರಿನ ಕೀ ಕೊಟ್ಟಳು.

"ಇದಲ್ಲ. ನಿಂದು."

ಮಗಳು ಆಟೋ ಹಿಡಿದು ವೇಲಚೇರಿಗೆ ಹೋದಳು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಈಗ ನಮ್ಮನೆಯವರಿಗೆ ಗುದ್ದೋಕೆ ಎರಡು ಕಾರು.