ಅವ್ವನ ಚಹಾ ಬಿಡಿಸಿದ ಶಿಫಾರಸು ಯಂತ್ರಕ್ಕೆ

ನಮ್ಮ ಟಿವಿಯೊಳಗೆ ಕುಳಿತು ‘ಇದನ್ನು ನೋಡಿ, ನಿಮಗೆ ಇಷ್ಟವಾಗುತ್ತದೆ’ ಎನ್ನುವ ಯಂತ್ರ ಮಹೋದಯರ ಸನ್ನಿಧಿಗೆ, ಐನಾಪುರದ ದ್ರಾಕ್ಷಿ ಬೆಳೆಗಾರ ಶ್ರೇಣಿಕನ ಸವಿನಯ ನಮಸ್ಕಾರಗಳು.

ಮಾನ್ಯರೇ,

ನನ್ನ ಅಭಿರುಚಿಯನ್ನು ನನ್ನ ಹೆಂಡತಿ ರೂಪಾಲಿಗಿಂತ ಚೆನ್ನಾಗಿ ಬಲ್ಲ ತಾವು ಒಂದಾದ ಮೇಲೊಂದು ಅನಿಮೆ ಎಂಬ ಜಪಾನಿ ಕಾರ್ಟೂನು ಸರಣಿ ಶಿಫಾರಸು ಮಾಡಿ ನನ್ನನ್ನು ಉದ್ಧಾರ ಮಾಡಿದ್ದೀರಿ. ದೆವ್ವಗಳ ಛತ್ರಿ ರಿಪೇರಿ ಮಾಡುವ ಮುದುಕನ ಸರಣಿಯಲ್ಲಿ ಮುಳುಗಿ ನಾನು ತೋಟಕ್ಕೆ ಔಷಧಿ ಹೊಡೆಯುವುದನ್ನೇ ಮರೆತೆ. ಆದರೂ ಅದು ನೋಡಲೇಬೇಕಾದದ್ದು ಎಂದು ಕಾಗವಾಡದವರೆಗೂ ಸಾರಿದ್ದೇನೆ. ದೂರು ಅದರ ಬಗ್ಗೆ ಅಲ್ಲ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವುದರಿಂದ ಮಲಗುವ ತನಕ ಕೈಗೂ ಬಾಯಿಗೂ ಕೆಲಸವಿರುವುದಿಲ್ಲ. ಆ ಹೊತ್ತು ನೋಡಿಯೇ ತಾವು ‘ಉಪ್ಪಿನ ದಾರಿ’ಯನ್ನು ಮುಂದಿಟ್ಟಿರಿ: ಯುದ್ಧದಲ್ಲಿ ತಾಯಿಯಿಂದ ಅಗಲಿದ ಹುಡುಗನೊಬ್ಬ ನಡೆದೇ ಮನೆ ಸೇರಲು ಹೊರಟ ಕಥೆ. ನನ್ನ ಅವ್ವ ಲಕ್ಷ್ಮಿಬಾಯಿ ಬಂದು ಪಕ್ಕದಲ್ಲಿ ಕುಳಿತಳು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೋದಳು.

ಅಷ್ಟರಲ್ಲಿ ಚಾತುರ್ಮಾಸಕ್ಕೆ ಮುನಿ ಮಹಾರಾಜರು ಬಂದರು. ಅವರೆದುರು ಪ್ರತಿಯೊಬ್ಬರೂ ಇಷ್ಟದ ವಸ್ತುವೊಂದನ್ನು ಬಿಡುವ ನಿಯಮ ತೊಡುವುದು ನಮ್ಮಲ್ಲಿ ರೂಢಿ. ನಾನು ಎಂದೂ ತಿನ್ನದ ಹಾಗಲಕಾಯಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಂಡೆ. ಅವ್ವ ಮಾತ್ರ ಕೈಮುಗಿದು, “ಆ ಹುಡುಗ ತಾಯಿ ಮಾರಿ ನೋಡೂತನಕ ನಾ ಚಾ ಕುಡ್ಯಾಂಗಿಲ್ರಿ ಮಹಾರಾಜ್ರ” ಎಂದಳು. ಬಳಗದ ಯಾವುದೋ ಹುಡುಗ ಕಾಣೆಯಾಗಿದ್ದಾನೆಂದು ತಿಳಿದು ಮಹಾರಾಜರು ಆಶೀರ್ವದಿಸಿದರು. ಸರಣಿ ಇನ್ನೇನು ಮುಗಿಯುತ್ತದೆಂದು ನಾನೂ ತಿದ್ದಲು ಹೋಗಲಿಲ್ಲ.

ಕೊನೆಯ ಕಂತಿನಲ್ಲಿ ಹುಡುಗ ಮನೆಗೆ ಬಂದು ಬಾಗಿಲ ಮೇಲೆ ಕೈಯಿಟ್ಟ. ಅಲ್ಲಿಗೆ ಹಾಡು ಬಂತು, ಹೆಸರುಗಳು ಬಂದವು, ಸರಣಿ ಮುಗಿಯಿತು. ಮುಂದಿನ ಭಾಗದ ಸುದ್ದಿಯೇ ಇಲ್ಲ. ಎಂಥ ಕಲೆ, ಮಾನ್ಯರೇ! ಆ ತೆರೆಯದ ಬಾಗಿಲಿನ ಸೌಂದರ್ಯ ಕೈಯಲ್ಲಿ ಚಹಾ ಇದ್ದವರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಬೇರೆ ಸರಣಿಯ ಹುಡುಗನೊಬ್ಬ ತಾಯಿಯನ್ನು ತಬ್ಬಿಕೊಳ್ಳುವುದನ್ನು ತೋರಿಸಿ, ನೋಡವ್ವ ಬಂದ ಎಂದೆ. “ಇವನ ಗದ್ದದ ಮ್ಯಾಲ ಗಾಯದ ಕಲಿ ಎಲ್ಲೈತಿ? ನನ್ನ ಕಣ್ಣ ಹೋಗ್ಯಾವಂತ ತಿಳಿದಿಯೇನ?” ಎಂದು ಅವ್ವ ಎದ್ದು ಹೋದಳು.

ಮೊದಲೆಲ್ಲ ದಿನವೂ ತೋಟದಿಂದ ಬಂದ ಮೇಲೆ, ಊಟಕ್ಕೆ ಮುಂಚೆ, ಅವ್ವನೂ ನಾನೂ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆವು. ಇಡೀ ದಿನದಲ್ಲಿ ನಾವಿಬ್ಬರೂ ಮಾತಾಡುತ್ತಿದ್ದುದು ಆಗ ಮಾತ್ರ. ಈಗ ಅವಳೆದುರು ಕುಡಿಯಲು ಮನಸ್ಸು ಬಾರದೆ ನಾನು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗುತ್ತೇನೆ, ಅವಳು ಕಟ್ಟೆಯ ಮೇಲೆ ಒಬ್ಬಳೇ ಕೂರುತ್ತಾಳೆ. ನನಗೆ ಸಂಕಟವಾಗುತ್ತದೆ.

ಆದ್ದರಿಂದ ಜಪಾನಿನ ಆ ಚಿತ್ರಕಾರರಿಗೆ ನನ್ನ ಪರವಾಗಿ ತಾವು ಒಂದು ಶಿಫಾರಸು ಮಾಡಬೇಕು: ‘ಇದನ್ನು ಬರೆಯಿರಿ, ನಿಮಗೆ ಇಷ್ಟವಾಗುತ್ತದೆ.’ ಬಾಗಿಲು ತೆರೆಯಲಿ, ತಾಯಿ ಅವನ ಕಾಲಿಗೆ ನೀರು ಕೊಡಲಿ, ಸಾಕು. ಅದಾಗದಿದ್ದರೆ ತಾವೇ ಖುದ್ದಾಗಿ ಐನಾಪುರಕ್ಕೆ ಬಂದು ಅವ್ವನಿಗೆ ತಿಳಿಹೇಳಬೇಕು. ಹೊತ್ತು ಮುಳುಗುವ ಮೊದಲು ಬಂದರೆ ಊಟ ಸಿಗುತ್ತದೆ. ಚಹಾ ಮಾತ್ರ ಕೇಳಬೇಡಿ.

ಹಾಗಲಕಾಯಿ ಬಿಟ್ಟು ಸುಖವಾಗಿರುವ,
ತಮ್ಮ ವಿಶ್ವಾಸಿ,
ಶ್ರೇಣಿಕ

ತಾಜಾಕಲಂ: ಇದನ್ನು ಬರೆಯುತ್ತಿರುವಾಗಲೇ ತಾವು ‘ಉಪ್ಪಿನ ದಾರಿ ಮೆಚ್ಚಿದವರಿಗಾಗಿ’ ಎಂದು, ತಾಯಿಯನ್ನು ಹುಡುಕಿ ಹೊರಟ ಹುಡುಗಿಯೊಬ್ಬಳ ಹೊಸ ಸರಣಿ ತೋರಿಸಿದಿರಿ. ಅವ್ವ ನನಗಿಂತ ಮೊದಲೇ ನೋಡಿಬಿಟ್ಟಳು. ಮಹಾರಾಜರು ಇನ್ನೂ ಊರಲ್ಲಿದ್ದಾರೆಯೇ ಎಂದು ವಿಚಾರಿಸುತ್ತಿದ್ದಾಳೆ. ಅವಳ ಇಷ್ಟದ್ದರಲ್ಲಿ ಬಿಡಲು ಇನ್ನು ಉಳಿದಿರುವುದು ಹೋಳಿಗೆಯೊಂದೇ. ದಯವಿಟ್ಟು ಆ ಹುಡುಗಿಯನ್ನು ಮೊದಲು ತಾಯಿಗೆ ಒಪ್ಪಿಸಿ, ಆಮೇಲೆ ನಮಗೆ ತೋರಿಸಿ.