ಮೋಟಾರ್‌ಸೈಕಲ್ಲಿಗೆ ವಿಧ್ಯುಕ್ತ ಚಾಲನೆ

ಹೊಸದಾಗಿ ಪರವಾನಗಿ ಪಡೆದ ಮೋಟಾರ್‌ಸೈಕಲ್ ಸವಾರರ ಪೈಕಿ ಒಬ್ಬರೂ ಈ ವರ್ಷ ಅಪಘಾತಕ್ಕೆ ಈಡಾಗಿರುವುದಿಲ್ಲವೆಂದು ಊರಿನ ಸಾರಿಗೆ ಕಚೇರಿಯು ಅಧಿಕೃತವಾಗಿ ಪ್ರಕಟಿಸಿದೆ. ಇದು ಅಕ್ಷರಶಃ ಸತ್ಯ. ಮಂಡಿ ತರಚಿಕೊಂಡವರಿಲ್ಲ, ಚರಂಡಿಗೆ ಇಳಿದವರಿಲ್ಲ, ಬ್ರೇಕು ಹಿಡಿಯುವ ಬದಲು ದೇವರ ಹೆಸರು ಹಿಡಿದವರೂ ಇಲ್ಲ. ಇಂಥ ಸಾಧನೆ ಸುಮ್ಮನೆ ಆಗುವಂಥದ್ದಲ್ಲ; ಇದರ ಹಿಂದೆ ಒಂದು ಸುತ್ತೋಲೆ ಇದೆ.

ಸುತ್ತೋಲೆ ಬರೆದ ಗುಮಾಸ್ತರು ಮೊದಲು ವಾರ್ತಾ ವಿಭಾಗದಲ್ಲಿದ್ದವರು. ಗಣ್ಯರು ಸೇತುವೆಗೆ ಚಾಲನೆ ನೀಡಿದರು, ನೀರಿನ ಟ್ಯಾಂಕಿಗೆ ಚಾಲನೆ ನೀಡಿದರು, ಸ್ವಚ್ಛತಾ ಸಪ್ತಾಹಕ್ಕೆ ಚಾಲನೆ ನೀಡಿದರು ಎಂದು ವರ್ಷಗಟ್ಟಲೆ ಬರೆದು ಪಳಗಿದ ಕೈ. ಸಾರಿಗೆ ಕಚೇರಿಗೆ ವರ್ಗವಾಗಿ ಬಂದ ಮೇಲೂ ಆ ಕೈ ಹಳೆಯ ಚಾಳಿ ಬಿಡಲಿಲ್ಲ. ‘ಮೋಟಾರ್‌ಸೈಕಲ್ ಚಾಲನೆ ಕಲಿತಿರತಕ್ಕದ್ದು’ ಎಂದು ಬರೆಯಬೇಕಾದ ಕಡೆ ಅದು ಹೀಗೆ ಬರೆಯಿತು: ‘ಪರವಾನಗಿ ಬಯಸುವ ಪ್ರತಿಯೊಬ್ಬ ಅಭ್ಯರ್ಥಿಯೂ ಮಾನ್ಯತೆ ಪಡೆದ ಆರಂಭಿಕ ಸುರಕ್ಷತಾ ಕೋರ್ಸೊಂದನ್ನು ಸೇರಿ, ಮೋಟಾರ್‌ಸೈಕಲ್ಲಿಗೆ ವಿಧ್ಯುಕ್ತವಾಗಿ ಚಾಲನೆ ನೀಡಲು ಕಲಿತಿರತಕ್ಕದ್ದು.’

ತಪ್ಪು ಅದೇ ದಿನ ಅಧಿಕಾರಿಗಳ ಕಣ್ಣಿಗೆ ಬಿತ್ತು. ಆದರೆ ಸುತ್ತೋಲೆಯ ಒಂದು ಪದ ತಿದ್ದಬೇಕಾದರೆ ಮೇಲಿನ ಕಚೇರಿಯ ಒಪ್ಪಿಗೆ ಬೇಕು, ಅವರಿಗೆ ಅವರ ಮೇಲಿನವರದು ಬೇಕು. ಜನರನ್ನು ತಿದ್ದುವುದಕ್ಕಾದರೆ ಗೋಡೆಗೆ ಒಂದು ನೋಟೀಸು ಅಂಟಿಸಿದರೆ ಮುಗಿಯಿತು. ಅಧಿಕಾರಿಗಳು ಅಂಟಿಸಿದರು. ಅಂದಿನಿಂದ ಅಭ್ಯರ್ಥಿಗಳು ಪರೀಕ್ಷೆಗೆ ಬರುವಾಗ ರೇಷ್ಮೆ ರಿಬ್ಬನ್ನು, ಕತ್ತರಿ ಮತ್ತು ಹಸಿರು ಬಾವುಟವನ್ನು ಕಡ್ಡಾಯವಾಗಿ ತರತಕ್ಕದ್ದು ಎಂದಾಯಿತು. ಇವು ಮೂರೂ ಒಟ್ಟಿಗೆ ಸಿಗುವುದು ಕಚೇರಿಯ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಮಾತ್ರ. ಅಂಗಡಿಯವನು ಅಧಿಕಾರಿಗಳ ಭಾಮೈದನಾಗಿರುವುದು ಕಾಕತಾಳೀಯವೆಂದು ಸ್ವತಃ ಅಧಿಕಾರಿಗಳೇ ಸ್ಪಷ್ಟಪಡಿಸಿರುವುದರಿಂದ ಆ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಇದಾವುದೂ ನರ್ಸಮ್ಮನಿಗೆ ಗೊತ್ತಿರಲಿಲ್ಲ. ಆರೋಗ್ಯ ಕೇಂದ್ರದಿಂದ ಮನೆಮನೆಗೆ ಹೋಗಿ ಗಾಯ ತೊಳೆದು, ಪಟ್ಟಿ ಕಟ್ಟಿ, ಚುಚ್ಚುಮದ್ದು ಕೊಟ್ಟು ಬರುವುದು ಅವಳ ಕೆಲಸ. ಅವಳಿಗಾಗಿಯೇ ಒಂದು ಮೋಟಾರ್‌ಸೈಕಲ್ ಮಂಜೂರಾಗಿ ಬಂದು, ಕೇಂದ್ರದ ಜಗಲಿಯ ಕಂಬಕ್ಕೆ ಸರಪಳಿ ಬಿಗಿಸಿಕೊಂಡು ನಿಂತಿತ್ತು. ಬೀಗದ ಕೈ ಉಗ್ರಾಣದವರ ಸೊಂಟದಲ್ಲಿ. ಲೈಸೆನ್ಸ್ ತೋರಿಸಿ, ಕೀಲಿ ತಗೊಳ್ಳಿ ಎನ್ನುವುದು ಅವರ ಒಂದೇ ಮಾತು.

ಅವಳಿಗೆ ಅವಸರವಿತ್ತು. ಕಲ್ಲುಗಣಿಯ ದಿಬ್ಬದ ಮೇಲಿನ ಕೊನೆಯ ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಎಲ್ಲರಿಗೂ ಅವರು ಗಡಿಯಾರದ ಮಾವ. ಸಕ್ಕರೆ ಕಾಯಿಲೆಯ ಪಾದದಲ್ಲಿ ಹುಣ್ಣಾಗಿತ್ತು. ದಿನಾ ತೊಳೆದು ಪಟ್ಟಿ ಬದಲಾಯಿಸಿದರೆ ಕಾಲು ಉಳಿಯುತ್ತದೆ, ಬಿಟ್ಟು ಬಿಟ್ಟು ಮಾಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಉಳಿದ ಮನೆಗಳನ್ನೆಲ್ಲ ಮುಗಿಸಿ ಆ ದಿಬ್ಬ ನಡೆದು ಹತ್ತಿ ಬರುವುದು ನರ್ಸಮ್ಮನಿಂದ ದಿನ ಬಿಟ್ಟು ದಿನ ಮಾತ್ರ ಆಗುತ್ತಿತ್ತು. ಮಾವ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕಾಲು ಚಾಚಿ ಕೂತಿರುತ್ತಿದ್ದರು. ನೀನು ಬರೋದು ತಡವಲ್ಲಮ್ಮ, ನನ್ನ ಗಡಿಯಾರಗಳೇ ಮುಂದೆ ಓಡ್ತಾವೆ ಎಂದು ಅವಳನ್ನೇ ಸಮಾಧಾನಪಡಿಸುವರು. ಆ ಸಮಾಧಾನ ಕೇಳಿದಾಗಲೆಲ್ಲ ಅವಳು ಕಟ್ಟಿದ ಪಟ್ಟಿಯನ್ನು ಬಿಚ್ಚಿ ಇನ್ನೊಮ್ಮೆ ಕಟ್ಟುವಳು.

ಊರಿನಲ್ಲಿದ್ದದ್ದು ಎರಡು ಕೋರ್ಸು. ಒಂದು ಊರ ಸಭಾಂಗಣದಲ್ಲಿ, ಗೋಡೆಯಿಂದ ಗೋಡೆಗೆ ಕೆಂಪು ಜಮಖಾನೆ ಹಾಸಿ ನಡೆಯುವಂಥದ್ದು. ಇನ್ನೊಂದು ಪಾಳುಬಿದ್ದ ಇಟ್ಟಿಗೆ ಗೂಡಿನ ಬಯಲಲ್ಲಿ, ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸೊಬ್ಬಳದು; ಅವಳನ್ನು ಜನ ಗ್ರೌಂಡ್ ಅಕ್ಕ ಎನ್ನುತ್ತಿದ್ದರು. ನರ್ಸಮ್ಮ ಎರಡನ್ನೂ ಹೋಗಿ ನೋಡಿದಳು. ಸಭಾಂಗಣದ ಮೋಟಾರ್‌ಸೈಕಲ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಬಯಲಿನದಕ್ಕೆ ಮೈತುಂಬ ಕೆಸರು. ಕೆಸರು ಹತ್ತಿರುವುದು ಎಲ್ಲೋ ಹೋಗಿ ಬಂದಿರಬೇಕು ಎಂದು ಲೆಕ್ಕ ಹಾಕಿ ಅವಳು ಗ್ರೌಂಡ್ ಅಕ್ಕನ ಹತ್ತಿರ ಸೇರಿದಳು. ಅಲ್ಲೇ ಅವಳು ಎಡವಿದ್ದು.

ಬಯಲಿನಲ್ಲಿ ಅವಳು ಸಾಕಷ್ಟು ಸಲ ಬಿದ್ದಳು. ಕ್ಲಚ್ಚು ಬಿಟ್ಟ ಕೂಡಲೇ ಗಾಡಿ ಜಿಗಿಯಿತು, ತಿರುವಿನಲ್ಲಿ ಮಲಗಿತು, ಒಮ್ಮೆ ಇಟ್ಟಿಗೆ ರಾಶಿಯನ್ನೇ ಹತ್ತಿತು. ಚಕ್ರ ನೋಡ್ಬೇಡ, ಹೋಗೋ ಜಾಗ ನೋಡು, ಚಕ್ರ ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಎಂದು ಅಕ್ಕ ದೂರದಿಂದ ಕೂಗುತ್ತಿದ್ದಳು. ಒಂದು ಸಂಜೆ ನರ್ಸಮ್ಮ ಹೋಗುವ ಜಾಗ ನೋಡಿದಳು, ಗಾಡಿ ಅಲ್ಲಿಗೇ ಹೋಯಿತು. ಬಯಲನ್ನು ಸುತ್ತು ಹಾಕಿ ಬಂದು ಅಕ್ಕನ ಮುಂದೆ ಸದ್ದಿಲ್ಲದೆ ನಿಲ್ಲಿಸಿದಾಗ ಅವಳಿಗೆ ಚಿಕ್ಕ ಹುಡುಗಿಯಂತೆ ನಗು ಬಂತು. ನಾಳೆಯಿಂದ ಮಾವನಿಗೆ ದಿನಾ ಪಟ್ಟಿ ಎಂದುಕೊಂಡಳು.

ಮರುದಿನ ಸಾರಿಗೆ ಕಚೇರಿಯಲ್ಲಿ ಅಧಿಕಾರಿಗಳು ಅವಳ ಪ್ರಮಾಣಪತ್ರವನ್ನು ಓದಿ, ಬೇಸರದಿಂದ ಬದಿಗಿಟ್ಟರು. ಗ್ರೌಂಡ್ ಅಕ್ಕನ ಸಂಸ್ಥೆಯ ಮಾನ್ಯತೆ ರದ್ದಾಗಿತ್ತು. ಕಾರಣವನ್ನು ಅವರೇ ಓದಿ ಹೇಳಿದರು: ‘ತಪಾಸಣೆಯ ವೇಳೆ ಸದರಿ ಸಂಸ್ಥೆಯ ಆವರಣದಲ್ಲಿ ವಾಹನಗಳು ಚಲಿಸುತ್ತಿರುವುದು ಕಂಡುಬಂದಿದ್ದು, ಇದು ಸುರಕ್ಷತೆಗೆ ವ್ಯತಿರಿಕ್ತವಾಗಿರುತ್ತದೆ.’

“ಸರ್, ನನಗೆ ಓಡಿಸೋಕೆ ಚೆನ್ನಾಗಿ ಬರುತ್ತೆ. ಬೇಕಾದ್ರೆ ಈಗಲೇ ತೋರಿಸ್ತೀನಿ” ಎಂದಳು ನರ್ಸಮ್ಮ.

“ಓಡಿಸೋಕೆ ಬರೋದು ನಿಮ್ಮ ವೈಯಕ್ತಿಕ ವಿಷಯ, ತಾಯಿ. ಅದರಲ್ಲಿ ಕಚೇರಿ ತಲೆ ಹಾಕಲ್ಲ. ಚಾಲನೆ ಕೊಡೋಕೆ ಬರುತ್ತಾ, ಅದು ಹೇಳಿ.”

ಬರುವುದಿಲ್ಲ ಎಂದು ಅವಳು ಒಪ್ಪಿಕೊಳ್ಳಬೇಕಾಯಿತು. ಹಾಗಾದರೆ ಸಭಾಂಗಣದ ಕೋರ್ಸೇ ಗತಿ ಎಂದು ಅಧಿಕಾರಿಗಳು ಕೈಯಾರೆ ದಾರಿ ತೋರಿಸಿ, ಹೋಗುವಾಗ ಮೆಟ್ಟಿಲ ಕೆಳಗೆ ಒಮ್ಮೆ ಇಣುಕಿ ಹೋಗಲು ಹೇಳಿದರು.

ಸಭಾಂಗಣದ ಕೋರ್ಸು ನಡೆಸುತ್ತಿದ್ದವರು ಊರಿನ ಮಾಜಿ ಅಧ್ಯಕ್ಷರು. ಬದುಕಿಡೀ ಚಾಲನೆ ನೀಡಿಯೇ ಸವೆದ ಜೀವ; ಮೋಟಾರ್‌ಸೈಕಲ್ಲನ್ನು ಮುಟ್ಟಿದವರಲ್ಲ. ಅವರ ಬಳಿಯಿದ್ದ ಗಾಡಿಗೆ ಎಂಜಿನ್ ಇರಲಿಲ್ಲ, ಸುರಕ್ಷತೆಯ ದೃಷ್ಟಿಯಿಂದ ಅದನ್ನು ತೆಗೆಸಿ ಆ ಜಾಗದಲ್ಲಿ ಹೂವಿನ ಕುಂಡ ಕೂರಿಸಿದ್ದರು. ರಿಬ್ಬನ್ನಿನಿಂದ ಎಷ್ಟು ದೂರ ನಿಲ್ಲಬೇಕು, ಕತ್ತರಿ ಮೊಂಡಾಗಿದ್ದರೆ ಎಷ್ಟು ನಗಬೇಕು, ಬಾವುಟ ಬೀಸುವಾಗ ಪಕ್ಕದ ಗಣ್ಯರ ಕಣ್ಣಿಗೆ ತಾಗದಂತೆ ಮೊಣಕೈ ಹೇಗಿಡಬೇಕು, ಇವೆಲ್ಲ ಸುರಕ್ಷತೆಯ ಪಾಠಗಳು. ಕೊನೆಯಲ್ಲಿ ಭಾಷಣ. ಯಾವ ಸಂದರ್ಭಕ್ಕೂ ಹೊಂದುವ ಒಂದೇ ಭಾಷಣವನ್ನು ಎಲ್ಲರೂ ಬಾಯಿಪಾಠ ಮಾಡಬೇಕಿತ್ತು.

ನರ್ಸಮ್ಮ ಹಿಂದೆ ಬಿದ್ದಳು. ರಿಬ್ಬನ್ನು ಕಂಡ ಕೂಡಲೇ ಅವಳ ಕೈ ಪಟ್ಟಿ ಕತ್ತರಿಸಿದ ಹಾಗೆ ಚಕ್ಕನೆ ಕತ್ತರಿಸಿಬಿಡುತ್ತಿತ್ತು. ಫೋಟೋದವನು ಕ್ಯಾಮೆರಾ ಎತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. “ಇದು ಗಾಯ ಅಲ್ಲಮ್ಮ, ಸಮಾರಂಭ. ನಿಧಾನ” ಎಂದು ಮಾಜಿ ಅಧ್ಯಕ್ಷರು ತಿದ್ದಿದರು. ಮಧ್ಯಾಹ್ನದ ಹಾಜರಾತಿ ಕಡ್ಡಾಯವಾದ್ದರಿಂದ ದಿಬ್ಬಕ್ಕೆ ಹೋಗುವುದು ದಿನ ಬಿಟ್ಟು ದಿನ ಎಂಬಲ್ಲಿಂದ ಬಿಡುವಾದ ದಿನ ಎಂಬಲ್ಲಿಗೆ ಬಂತು. ಹೋದಾಗ ಮಾವನ ಹೆಬ್ಬೆರಳು ಕಪ್ಪಾಗಿತ್ತು. ಅವಳು ಅದನ್ನು ನೋಡಿದ್ದನ್ನು ಅವರೂ ನೋಡಿದರು. ಮೊದಲು ನಿನ್ನ ಲೈಸೆನ್ಸ್ ಮುಗಿಸ್ಕೋ, ಇದು ಎಲ್ಲಿ ಓಡಿ ಹೋಗುತ್ತೆ ಎಂದರು.

ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾದಳು. ಫೋಟೋ ಅಂಟಿಸಿದ ಪರವಾನಗಿಯನ್ನು ಹಿಡಿದು ಓಡುತ್ತ ಆರೋಗ್ಯ ಕೇಂದ್ರಕ್ಕೆ ಬಂದರೆ, ಜಗಲಿಯಲ್ಲಿ ಆಗಲೇ ರಿಬ್ಬನ್ನು ಕಟ್ಟಿತ್ತು. ಅಧಿಕಾರಿಗಳು ಬಂದಿದ್ದರು, ಮಾಜಿ ಅಧ್ಯಕ್ಷರೂ ಬಂದಿದ್ದರು. ನರ್ಸಮ್ಮ ನಿಧಾನವಾಗಿ ಕತ್ತರಿಸಿದಳು, ಬಾವುಟ ಬೀಸಿದಳು, ಭಾಷಣ ಒಪ್ಪಿಸಿದಳು. ಚಪ್ಪಾಳೆ ಮುಗಿದ ಕೂಡಲೇ ಉಗ್ರಾಣದವರು ಗಾಡಿಯ ಮೇಲೆ ಬಿಳಿ ಬಟ್ಟೆ ಹೊದಿಸಿ, ಸರಪಳಿಯನ್ನು ಇನ್ನೊಂದು ಸುತ್ತು ಬಿಗಿದರು.

ಅವಳು ಅಧಿಕಾರಿಗಳನ್ನು ಅಡ್ಡಗಟ್ಟಿ, ಇನ್ನು ಗಾಡಿ ತಗೊಂಡು ಹೋಗಬಹುದಲ್ಲ ಎಂದು ಕೇಳಿದಳು. ಅಧಿಕಾರಿಗಳಿಗೆ ನಿಜವಾಗಿಯೂ ನೋವಾಯಿತು.

“ಚಾಲನೆ ಕೊಟ್ಟ ಮೇಲೂ ಓಡಿಸ್ತಾರೇನಮ್ಮ? ನೀರಿನ ಟ್ಯಾಂಕಿಗೆ ಚಾಲನೆ ಕೊಟ್ರು, ಒಂದು ಹನಿ ಬಂತಾ? ಲಿಫ್ಟಿಗೆ ಚಾಲನೆ ಕೊಟ್ರು, ಯಾರಾದ್ರೂ ಮೇಲೆ ಹೋದ್ರಾ? ಓದಿದವರು ನೀವು, ನೀವೇ ಹೀಗಂದ್ರೆ ಹೇಗೆ?”

ಸುತ್ತ ನಿಂತವರೆಲ್ಲ ತಲೆದೂಗಿದರು. ನರ್ಸಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸರಪಳಿಯನ್ನು ಹಿಡಿದು ಎರಡು ಸಲ ಜಗ್ಗಿದಳು ಕೂಡ. ಉಗ್ರಾಣದವರು ಕೆಟ್ಟವರೇನಲ್ಲ; ಬಿಸಿಲು ಜೋರಾಗಿದೆ, ನಡೆದು ಹೋಗುವವರಿಗೆ ಇರಲಿ ಎಂದು ತಮ್ಮ ಛತ್ರಿ ಕೊಟ್ಟರು. ಅವಳು ಛತ್ರಿ ಹಿಡಿದು ದಿಬ್ಬ ಹತ್ತಿದಳು. ಮಾವನ ಪಾದದ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯಿತು.

ಕಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದು ಡಾಕ್ಟರು ಹೇಳಿದರು. ನರ್ಸಮ್ಮ ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಎಂಜಿನ್ ಇರುವ ಗಾಡಿ ಕಂಬದ ಬಳಿ ನಿಂತಿತ್ತು, ಓಡಿಸಲು ಬರುವ ತಾನು ಇಲ್ಲಿ ನಿಂತಿದ್ದೆ, ನಡುವೆ ಒಂದು ಕಾಲು ಹೋಯಿತು ಎಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ, ಅಷ್ಟೇ.

ಕೆಲವು ವಾರಗಳ ಮೇಲೆ ಮಾವನಿಗೆ ಕೃತಕ ಕಾಲು ಮಂಜೂರಾಗಿ ಬಂತು. ಚಲಿಸುವ ಯಾವುದೇ ಸಾಧನಕ್ಕೆ ಪರವಾನಗಿ ಉಳ್ಳವರೇ ಚಾಲನೆ ನೀಡತಕ್ಕದ್ದೆಂದು ಹೊಸ ನಿಯಮವಿತ್ತು. ಕೇಂದ್ರದಲ್ಲಿ ಪರವಾನಗಿ ಇದ್ದದ್ದು ನರ್ಸಮ್ಮನಿಗೊಬ್ಬಳಿಗೇ. ಮೇಜಿನ ಮೇಲೆ ಕಾಲನ್ನು ನಿಲ್ಲಿಸಿ ರಿಬ್ಬನ್ನು ಕಟ್ಟಿದರು. ಮಾವನನ್ನು ಮೊದಲ ಸಾಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ನರ್ಸಮ್ಮ ಕತ್ತರಿ ಆಡಿಸಿದಳು. ಈ ಸಲ ಅದು ತಾನಾಗಿಯೇ ನಿಧಾನವಾಯಿತು. ಆಮೇಲೆ ಬಾಯಿಪಾಠವಾಗಿದ್ದ ಭಾಷಣ ಶುರುಮಾಡಿದಳು. ಪ್ರತಿಯೊಬ್ಬ ನಾಗರಿಕನೂ ತನ್ನ ಕಾಲ ಮೇಲೆ ತಾನು ನಿಲ್ಲುವಂತಾಗಬೇಕು ಎಂಬ ಸಾಲಿಗೆ ಬಂದಾಗ ಮೊದಲ ಸಾಲಿನ ಕುರ್ಚಿಯತ್ತ ನೋಡಿ ಅಲ್ಲಿಗೇ ನಿಲ್ಲಿಸಿಬಿಟ್ಟಳು. ಅಲ್ಲಿ ನಿಲ್ಲಿಸಿದ್ದು ಬಹಳ ಚೆನ್ನಾಗಿತ್ತು, ಕೋರ್ಸಿಗೆ ಸೇರಿಸಿಕೊಳ್ಳುತ್ತೇವೆ ಎಂದು ಮಾಜಿ ಅಧ್ಯಕ್ಷರು ಮೆಚ್ಚಿಕೊಂಡರು.

ಜನ ಚಹಾದ ಕಡೆ ಸರಿದರು. ಉಗ್ರಾಣದವರು ಕಾಲಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಒಯ್ದರು. ಮಾವ ಅದು ಹೋದ ಬಾಗಿಲನ್ನೇ ನೋಡುತ್ತ ಕೂತಿದ್ದರು.

“ಅದನ್ನ ಯಾವಾಗ ಹಾಕ್ಕೊಂಡು ನಡೀಬಹುದಮ್ಮ?” ಎಂದು ಕೇಳಿದರು.

ನರ್ಸಮ್ಮ ಮೇಜಿನ ಮೇಲಿದ್ದ ರಿಬ್ಬನ್ನಿನ ತುಂಡುಗಳನ್ನು ಸುತ್ತಿಟ್ಟಳು. ಬಾಯಿಗೆ ಬಂದದ್ದು ಒಂದೇ.

“ಚಾಲನೆ ಆಯ್ತಲ್ಲ, ಮಾವ.”

ಮಾವ ತಲೆದೂಗಿದರು. ಹೌದಲ್ಲ, ಅದೂ ಸರಿಯೇ ಎಂದರು. ಎಲ್ಲರೂ ತಟ್ಟುವಾಗ ತಾನು ಮರೆತಿದ್ದೆ ಎಂದು ಹೇಳಿ, ತಡವಾಗಿಯಾದರೂ ಇರಲೆಂದು ಎರಡು ಸಲ ಚಪ್ಪಾಳೆ ತಟ್ಟಿದರು.