ಕಾಕಿ ವಾರಸಾ, ನನ್ನ ಹೆಬ್ಬೆಟ್ಟು

ಸತ್ತವರ ಆಸ್ತಿಗೂ ನನಗೂ ಏನು ಗಂಟು ಬಿದ್ದದೋ, ಇಂಥಾವು ನನಗೇ ಬಂದು ತಗಲಾಕೋತಾವ. ನಮ್ಮ ಕಮಲಾಪುರದಾಗ ಯಾವ ವಾರಸಾ ಪಂಚನಾಮೆ ಆಗಲಿ, ಸಾಕ್ಷಿಗೆ ನನ್ನ ಹೆಬ್ಬೆಟ್ಟು ಬೀಳದ ಕಾಗದ ಮುಂದ ಸರೀತಿರಲಿಲ್ಲ. ಸುಳ್ಳು ಅನ್ನೋ ಮಂದಿ ಇದ್ದರು. ಅವರ ಪಂಚನಾಮೆನೂ ನಾನೇ ಮುಗಿಸೀನಿ. ಅದೂ ಒಂದೇ ಹೆಬ್ಬೆಟ್ಟಿನ್ಯಾಗ. ಬಲಗೈದು ಮದವಿಗಿಂತ ಮೊದಲೇ ಕಪನೂರದ ಬ್ಯಾಳಿ ಮಿಲ್ಲು ತಿಂದಿತ್ತು. ನನಗ ಓದು ಬರಹ ಇಲ್ಲ. ನಾ ಹೇಳಾಕತ್ತೀನಿ, ಮೊಮ್ಮಗಳು ಬರಿಯಾಕತ್ತಾಳ.

ಕಾಗಿ ಹಟ

ನಮ್ಮ ಕಾಕಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಯಾರೂ ಇಲ್ಲದವರಿಗೆ ಕೊಡೋ ಸರಕಾರದ ಪಿಂಚಣಿ ತಿಂಗಳಾ ಮನಿಯಾರ್ಡರಿನ್ಯಾಗ ಬರ್ತಿತ್ತು. ಆದರ ಆಕಿ ಜೀವ ಪೋಸ್ಟಿನವನ ಮ್ಯಾಲೆ. "ಊರೆಲ್ಲಾ ನನಗ ಮುದುಕಿ ಅಂತದ. ಹೆಸರು ಹಿಡದು ಕರಿಯಾವ ಅವನೊಬ್ಬನೇ" ಅಂತಿದ್ದಳು.

ಕಲಬುರ್ಗಿ ಬ್ರಹ್ಮಪುರದಾಗ ಆಕಿ ಅಣ್ಣ ಇದ್ದ. ಒಂಟಿ ಮನಿಷ್ಯಾ. ತಂಗಿ ಸಂಗಡ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಅಂವ ಸತ್ತ. ಎರಡು ಖೋಲಿ ಮನಿಗೆ ಕಾಕಿನೇ ವಾರಸದಾರಳು.

"ಮನಿ ನಿನ್ನ ಹೆಸರಿಗೆ ಬಂತಂದ್ರ ಪಿಂಚಣಿ ಬಂದ್" ಅಂತ ಮಂದಿ ಅಂಜಿಸಿದರು.

"ಹಂಗಾದ್ರ ಮನಿ ಬ್ಯಾಡ" ಅಂತ ಕಾಕಿ ಕುಂತುಬಿಟ್ಟಳು.

ಹತ್ತನೇ ದಿನ ಎಡಿ ಇಟ್ಟಿವಿ. ಒಂದು ಕಾಗಿ ಬಂದು ಗ್ವಾಡಿ ಮ್ಯಾಲೆ ಕುಂತು ಕಾಕಿನ್ನೇ ನೋಡಾಕತ್ತಿತು, ಎಡಿ ಮುಟ್ಟಲಿಲ್ಲ. ಸತ್ತವನ ಆಸೆ ಉಳದದ ಅಂದಂಗ. ಆಗ ಇದ್ದವರು ಮಾತು ಕೊಡಬೇಕು. ನಾನು, "ಸೆರೆ ಕುಡಿಯೋದು ಬಿಡತೀನಿ" ಅಂದೆ. ಕಾಗಿ ನನ್ನ ಕಡೆ ಬೆನ್ನು ತಿರುವಿತು.

ಬಿಸಲು ನೆತ್ತಿಗೆ ಬಂತು. ಕಡೀಕ ಕಾಕಿ ಸಿಟ್ಟಿಲೆ, "ಆಯ್ತೋ ಅಣ್ಣಾ, ಮನಿ ತಗೋತೀನಿ!" ಅಂದಳು. ಮಾತು ಬಾಯಾಗ ಇದ್ದಾಗಲೇ ಕಾಗಿ ಹಾರಿ ಬಂದು ಹೋಳಿಗಿ ತಿಂತು, ಅನ್ನ ತಿಂತು. ಬದನಿಕಾಯಿ ಪಲ್ಯಾ ಮಾತ್ರ ಸರಿಸಿ ಹೋತು.

ಕಾಕಿ ಎಡಿ ಹತ್ರ ಬಗ್ಗಿ ನೋಡಿದಳು. "ಜೀವ ಇದ್ದಾಗೂ ಬದನಿಕಾಯಿ ಮುಟ್ಟತಿರಲಿಲ್ಲೋ ಅಂವ."

ಎರಡು ಕಪ್ಪು ಚಾ

ಎರಡು ತಿಂಗಳ ಮ್ಯಾಲೆ ನಾನು, ಕಾಕಿ, ತಹಶೀಲ ಕಚೇರಿ ಕ್ಲರ್ಕು ಮೂವರೂ ಪಂಚನಾಮೆಗೆ ಬ್ರಹ್ಮಪುರಕ್ಕ ಹೋದಿವಿ. ಸುಡು ಮಧ್ಯಾಹ್ನ. ಬೀಗ ಜಂಗು ಹಿಡದಿತ್ತು, ಒಡದಿವಿ. ನೆಲದ ಮ್ಯಾಲೆ ಬೆರಳು ದಪ್ಪ ಧೂಳು, ಒಂದು ಹೆಜ್ಜಿ ಗುರ್ತಿಲ್ಲ. ನಡು ಖೋಲ್ಯಾಗ ತೂಗುಮಂಚ. ಅದರ ಮ್ಯಾಲೆ ಎರಡು ಕಪ್ಪು ಚಾ. ಹಬಿ ಆಡಾಕತ್ತಿತ್ತು.

"ಒಳಗ ಯಾರರೆ ಇದ್ದೀರೇನ್ರಿ?" ಅಂದ ಕ್ಲರ್ಕು.

ತೂಗುಮಂಚ ಕಿರ್ ಅಂತು.

ಕ್ಲರ್ಕು ನಿಂತ ನಿಲುವಿನ್ಯಾಗ 'ಮನಿ ಖಾಲಿ ಅದ, ಈಕಿ ಸತ್ತವನ ತಂಗಿ' ಅಂತ ಬರದು, ಕಾಗದ ಮಂಚದ ಮ್ಯಾಲೆ ಒಗದು ಓಡಿದ. ಚಪ್ಪಲಿ ಇಲ್ಲೇ ಉಳದವು. ನಾ ಅಂಜಲಿಲ್ಲ. ಕಾಲು ಏಳಲಿಲ್ಲ, ಅಷ್ಟೇ. ಆಮ್ಯಾಲೆ ಕಾಗದ ಎತ್ತಿ ನೋಡ್ತೀನಿ, ಹೆಬ್ಬೆಟ್ಟು ಆಗಲೇ ಬಿದ್ದಿತ್ತು. ಗಡಿಬಿಡ್ಯಾಗ ನಾನೇ ಒತ್ತಿರಬೇಕು ಅಂದುಕೊಂಡೆ.

ಕಾಕಿ ಮಂಚದ ಮ್ಯಾಲೆ ಕುಂತು ಒಂದು ಕಪ್ಪು ಎತ್ತಿ ಗುಟುಕರಿಸಿದಳು. "ಸಕ್ಕರಿ ಕಮ್ಮಿ. ಕಂಜೂಸ, ಇನ್ನೂ ಹಂಗೇ ಅದಾನ."

ಸಾಹೇಬರ ಭಿಂಗ

ಕಚೇರ್ಯಾಗ ತಹಶೀಲ್ದಾರ ಸಾಹೇಬರು ಎರಡು ಕಾಗದ ಜೋಡಿಸಿ ಇಟ್ಟರು. ಒಂದು ಹಳೇ ಪಿಂಚಣಿ ಪಂಚನಾಮೆ: 'ಈಕಿಗೆ ಲೋಕದಾಗ ಯಾರೂ ಇಲ್ಲ.' ಕೆಳಗ ನನ್ನ ಹೆಬ್ಬೆಟ್ಟು. ಇನ್ನೊಂದು ಹೊಸಾದು: 'ಈಕಿ ಸತ್ತವನ ತಂಗಿ.' ಅಲ್ಲೂ ಹೆಬ್ಬೆಟ್ಟು.

"ಯಾವುದು ಖರೆ? ಇಬ್ಬರನ್ನೂ ಜೇಲಿಗೆ ಕಳಸ್ತೀನಿ" ಅಂದರು.

ಕಾಕಿ ಸೆರಗು ಸರಿ ಮಾಡಿಕೊಂಡಳು. "ಎರಡೂ ಖರೇನ್ರಿ ಸಾಹೇಬ. ಬದುಕಿದ್ದಾಗ ಅಂವ ನನಗ ಯಾರೂ ಅಲ್ಲ. ಸತ್ತ ಮ್ಯಾಲೆ ಅಣ್ಣ ಆದ."

ಸಾಹೇಬರು ಭಿಂಗ, ಅದೇ ಸಣ್ಣದು ದೊಡ್ಡದಾಗಿ ಕಾಣೋ ಕನ್ನಡಿ, ಹಿಡದು ಹೆಬ್ಬೆಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. "ಇವು ಒಬ್ಬನವಲ್ಲ!"

ಕೈ ಎರಡೂ ಹಿಂದ ಕಟ್ಟಿಕೊಂಡು ನಾನು, "ಒಂದು ಎಡಗೈದ್ರಿ, ಒಂದು ಬಲಗೈದು" ಅಂದೆ. ಸಾಹೇಬರು ಭಿಂಗ ಕೆಳಗ ಇಟ್ಟರು. ಮನಿ ಕಾಕಿ ಹೆಸರಿಗೆ ಬರದರು, ಪಿಂಚಣಿ ಹೊಡದು ಹಾಕಿದರು.

"ಪಿಂಚಣಿ ಹೋಗಲಿ ಸಾಹೇಬ. ಪೋಸ್ಟಿನಂವ?" ಅಂದಳು ಕಾಕಿ. ಸಾಹೇಬರು ಮುಂದಿನ ಫೈಲು ಎಳಕೊಂಡರು. ಅದರ ಜವಾಬ ನಾ ಕೊಟ್ಟೆ. ಮುಂದ ಆಕಿ ಇರೂತನಕ ತಿಂಗಳಾ ಒಂದು ಖಾಲಿ ಕಾರ್ಡಿನ ಮ್ಯಾಲೆ ಹೆಬ್ಬೆಟ್ಟು ಒತ್ತಿ, ಆಕಿ ವಿಳಾಸ ಬರೆಸಿ ಡಬ್ಬಿಗೆ ಹಾಕಿದೆ. ಪೋಸ್ಟಿನಂವ ಬಾಗಲಾಗ ನಿಂತು ಹೆಸರು ಹಿಡದು ಕೂಗಿದ.

ಇಷ್ಟು ಬರದು ಮೊಮ್ಮಗಳು ಪೆನ್ನು ಕೆಳಗ ಇಟ್ಟಳು.

"ಮುತ್ಯಾ, ನಿನ್ನ ಬಲಗೈ ಹೆಬ್ಬೆಟ್ಟು ಮಿಲ್ಲು ತಿಂದಿತ್ತಲ್ಲ? ಮತ್ತ ಆ ಹೊಸಾ ಕಾಗದದ ಮ್ಯಾಲಿಂದು ಯಾರದು?"

ನಾ ಕೈ ತಿರುವಿ ನೋಡಿಕೊಂಡೆ. ಭುಜ ಕುಣಿಸಿದೆ.

"ಯಾರದರೆ ಇರಲಿ ಬಿಡು. ಮನಿ ಅವಂದೇ ಇತ್ತಲ್ಲ."